ಗೂರ್ಖಾ ಬಾಬ್ತು

ತಿಪಟೂರಿನ ಪೇಟೆ ಬೀದಿಯಲ್ಲಿದ್ದ ನಮ್ಮ ದಿನಸಿ ಅಂಗಡಿಗೆ ಬಾಗಿಲು ಹಾಕುವುದೆಂದರೆ 11 ಹಲಗೆ ಜೋಡಿಸುವುದು. ಹೊಸ್ತಿಲಿನಲ್ಲೂ ಮೇಲಿನ ತೊಲೆಯಲ್ಲೂ ಉದ್ದಕ್ಕೆ ಕೊರೆದ ಕಾಲುವೆ. ಹಲಗೆಯನ್ನೆತ್ತಿ ಮೇಲಿನ ಕಾಲುವೆಗೆ ತೂರಿಸಿ, ಕೆಳಗಿನದಕ್ಕೆ ಇಳಿಸಿ, ಆ ಕೊನೆಯವರೆಗೆ ತಳ್ಳಬೇಕು. ಪ್ರತಿ ಹಲಗೆಯ ನೆತ್ತಿಯಲ್ಲಿ ಬಡಗಿ ಉಳಿಯಿಂದ ಕೆತ್ತಿದ ಅಂಕಿ. ನೋಡುವುದಕ್ಕೆ ಎಲ್ಲವೂ ಒಂದೇ ಅಳತೆ, ಆದರೆ 4ರ ಜಾಗಕ್ಕೆ 5 ಕೂರುತ್ತಿರಲಿಲ್ಲ. 7ನೆಯದು ಮಳೆಗಾಲ ಬಂತೆಂದರೆ ಉಬ್ಬಿಕೊಳ್ಳುತ್ತಿತ್ತು, ಅಂಗೈಯಲ್ಲಿ ಗುದ್ದಿ ಗುದ್ದಿ ಕೂರಿಸಬೇಕು. ಆ ಕೆಲಸ ನನ್ನದು. ಕೊನೆಯ ಹಲಗೆ ಕೂತ ಮೇಲೆ ಅಡ್ಡಕ್ಕೆ ಕಬ್ಬಿಣದ ಪಟ್ಟಿ, ಪಟ್ಟಿಯ ತುದಿಗೆ ಅಲಿಗಢದ ಹಿತ್ತಾಳೆ ಬೀಗ. ಅಪ್ಪ ಬೀಗವನ್ನು ಮೂರು ಸಲ ಜಗ್ಗಿ, ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ನಾಲ್ಕು ಹೆಜ್ಜೆ ಹೋಗಿ, ಏನೋ ನೆನಪಾದವರಂತೆ ತಿರುಗಿ ಬಂದು, ನಾಲ್ಕನೆಯ ಸಲ ಜಗ್ಗುತ್ತಿದ್ದರು.

ಒಳಗೆ ಲಕ್ಷ್ಮೀ ಪಟದ ಮುಂದೆ ಕೆಂಪು ಜೀರೋ ಬಲ್ಬ್ ರಾತ್ರಿಯೆಲ್ಲ ಉರಿಯುತ್ತಿತ್ತು. ಹೆಸರಿಗೆ ಜೀರೋ, ಕುಡಿಯುವುದು ಮಾತ್ರ ಹತ್ತು ಹದಿನೈದು ವಾಟ್. ಹಲಗೆಗಳ ಸಂದಿಯಿಂದ ಆ ಬೆಳಕು ಕೆಂಪು ಗೆರೆಗಳಾಗಿ ರಸ್ತೆಗೆ ಬೀಳುತ್ತಿತ್ತು. ಅದರಲ್ಲೊಂದು ಗೆರೆ ದಪ್ಪಗಾದರೆ ಎದುರು ಮಹಡಿಯ ಹೂವಿನಂಗಡಿಯವರಿಗೆ ಗೊತ್ತಾಗಿಬಿಡುತ್ತದೆ ಎಂಬುದು ಅಪ್ಪನ ಲೆಕ್ಕ. ಹೂವಿನಂಗಡಿಯವರು ಎಂದಾದರೂ ಎದ್ದು ಗೆರೆ ಎಣಿಸಿದ್ದರೋ ಇಲ್ಲವೋ, ಎಣಿಸುತ್ತಾರೆಂಬ ನಂಬಿಕೆಯಲ್ಲಿ ಅಪ್ಪ ನಿದ್ದೆ ಮಾಡುತ್ತಿದ್ದರು.

ಹಳ್ಳಿಯಲ್ಲಿ ಅಜ್ಜಿಯ ಮನೆಯ ಕಾವಲಿನ ರೀತಿಯೇ ಬೇರೆ. ನಮ್ಮ ಸೀಮೆಯಲ್ಲಿ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ, ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ವರ್ಷದ ದುಡಿಮೆಯೆಲ್ಲ ತಲೆಯ ಮೇಲೆ, ಅಟ್ಟದಲ್ಲಿ. ಅಲ್ಲಿಗೆ ಕಾಲಿಟ್ಟವನು ಕಳ್ಳನೋ ಬೆಕ್ಕೋ, ನಾಲ್ಕು ಕಾಯಿ ಉರುಳಲೇಬೇಕು, ಉರುಳಿದ ಕಾಯಿ ಗಡಗಡ ಎನ್ನಲೇಬೇಕು, ಕೆಳಗೆ ಮಲಗಿದ್ದ ಅಜ್ಜಿ "ಯಾರ್ಲಾ ಅದು?" ಎನ್ನಲೇಬೇಕು. ಮುಂಬಾಗಿಲಿಗೆ ಗೋಡೆಯೊಳಗಿಂದ ಎಳೆಯುವ ಮರದ ಅಗುಳಿ. ಹೊರಗೆ ಜಗಲಿಯ ಮೇಲೆ ಕಂಬಳಿ ಹೊದ್ದ ಅಜ್ಜ, ಅಜ್ಜನ ಕಾಲ ಬಳಿ ನಾಯಿ. ಊರಿಗೊಬ್ಬ ತಳವಾರನಿದ್ದ ಕಾಲವನ್ನೂ ಅಜ್ಜ ಕಂಡಿದ್ದರು. 1961ರ ಕಾಯ್ದೆ ಶಾನುಭೋಗ, ಪಟೇಲರ ವಂಶಪಾರಂಪರ್ಯದ ಹುದ್ದೆಗಳ ಜೊತೆಗೆ ತಳವಾರಿಕೆಯನ್ನೂ ತೆಗೆದುಹಾಕಿತು. ಶಾನುಭೋಗರ ಲೆಕ್ಕ ನೋಡಲು ಸರ್ಕಾರಿ ಗುಮಾಸ್ತ ಬಂದ. ತಳವಾರನ ರಾತ್ರಿಗೆ ಯಾರೂ ಬರಲಿಲ್ಲ ಎಂದು ಅಜ್ಜ ಗೊಣಗುವುದಿತ್ತು.

ಪೇಟೆಯ ರಾತ್ರಿಗೆ ಮಾತ್ರ ಒಬ್ಬ ಬಂದಿದ್ದ. ಗೂರ್ಖಾ.

ರಾತ್ರಿಯ ರೈಲು ಅರಸೀಕೆರೆ ಕಡೆಗೆ ಹೋಗಿ, ಬಿ.ಎಚ್. ರಸ್ತೆಯಲ್ಲಿ ಲಾರಿಗಳ ಸದ್ದು ತೆಳ್ಳಗಾದ ಮೇಲೆ ಅವನ ಶಿಳ್ಳೆ ಕೇಳುತ್ತಿತ್ತು. ಮೊದಲು ದೂರದ ಕೊಬ್ಬರಿ ಮಂಡಿಗಳ ಕಡೆಯಿಂದ, ಆಮೇಲೆ ಗುಡಿಯ ಹಿಂದಿನಿಂದ, ಆಮೇಲೆ ನಮ್ಮ ಕಿಟಕಿಯ ಕೆಳಗೇ. ಕಬ್ಬಿಣದ ಲೈಟು ಕಂಬಕ್ಕೆ ಲಾಠಿಯ ಏಟು: ಗಂಟೆ ಒಂದಾದರೆ ಒಂದು, ಎರಡಾದರೆ ಎರಡು. ಪರೀಕ್ಷೆಗೆ ಓದಲು ಏಳಬೇಕಾದವರು ನಾಲ್ಕು ಏಟಿಗೆ ಏಳುತ್ತಿದ್ದರು. ಒಂದೊಂದೇ ಅಂಗಡಿಯ ಮುಂದೆ ನಿಂತು ಬೀಗ ಜಗ್ಗಿ, 11ನೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆದು ಮುಂದೆ ಹೋಗುತ್ತಿದ್ದ. ಬೆಳಿಗ್ಗೆ ಹಲಗೆ ತೆಗೆಯುವಾಗ ಅಪ್ಪ ಮೊದಲು ನೋಡುತ್ತಿದ್ದುದು ಬೀಗವನ್ನಲ್ಲ, ಗೀಟುಗಳನ್ನು. ಎರಡಿದ್ದರೆ ಎರಡು ಸುತ್ತು ಬಂದಿದ್ದಾನೆ. ಮೂರಿದ್ದರೆ, "ಪಾಪ, ನಿನ್ನೆ ಬೀದೀಲಿ ಏನೋ ಅನುಮಾನ ಬಂದದೆ ಅವನಿಗೆ."

ಶಿಳ್ಳೆ ಹಾಕಿಕೊಂಡು ಬಂದರೆ ಕಳ್ಳ ಅಡಗಿಕೊಳ್ಳುವುದಿಲ್ಲವೇ ಎಂದು ನಾನೊಮ್ಮೆ ಬುದ್ಧಿವಂತನಂತೆ ಕೇಳಿದ್ದೆ. ಅಪ್ಪ ತೂಕದ ಬಟ್ಟು ಒರೆಸುತ್ತ ಹೇಳಿದರು: "ಹಿಡಿಯೋಕೆ ಪೊಲೀಸ್ನೋರವ್ರೆ ಕಣೋ. ಇವನಿರೋದು ಅವನು ಬರದಂಗೆ ನೋಡ್ಕಳಕ್ಕೆ."

ತಿಂಗಳ ಮೊದಲ ವಾರ ಅವನು ಹಗಲಲ್ಲಿ ಕಾಣಿಸಿಕೊಳ್ಳುತ್ತಿದ್ದ. ಹಗಲಿನ ಗೂರ್ಖಾ ಬೇರೆಯೇ ಮನುಷ್ಯ. ರಾತ್ರಿಯ ಕೋಟು, ಟೋಪಿ, ಸೊಂಟದ ಖುಕುರಿ ಯಾವುದೂ ಇಲ್ಲದೆ, ಇಸ್ತ್ರಿ ಮಾಡಿದ ಶರಟು ಹಾಕಿ, ಕೈಯಲ್ಲೊಂದು ಪುಟ್ಟ ನೋಟುಪುಸ್ತಕ ಹಿಡಿದು ಸಂಕೋಚದಿಂದ ಮೆಟ್ಟಿಲ ಕೆಳಗೆ ನಿಲ್ಲುತ್ತಿದ್ದ. "ಸಾವ್ಕಾರ್ರೆ..." ಅಷ್ಟೇ. ಅಪ್ಪ ಗಲ್ಲಾಪೆಟ್ಟಿಗೆ ತೆರೆಯುತ್ತಿದ್ದರು. 1986ರಲ್ಲಿ ನಾನು ಮೊದಲು ಗಮನಿಸಿದಾಗ ಎರಡು ರೂಪಾಯಿ. ಆಮೇಲೆ ಐದಾಯಿತು, ಹತ್ತಾಯಿತು, ಕೊನೆಗೆ ಇಪ್ಪತ್ತಕ್ಕೆ ನಿಂತಿತು. ಜೊತೆಗೆ ಒಂದು ಕಟ್ಟು ಬೀಡಿ, ಚಳಿಗಾಲದಲ್ಲಿ ಒಂದಚ್ಚು ಬೆಲ್ಲ. ಪೊಲೀಸ್ ಠಾಣೆಯಲ್ಲಿ ಹೆಸರು ಬರೆಸಿದ್ದ ಚೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಪುಸ್ತಕದ ನಡುವೆ ಇಟ್ಟುಕೊಂಡಿರುತ್ತಿದ್ದ, ಯಾರೂ ಕೇಳದಿದ್ದರೂ ತೋರಿಸುತ್ತಿದ್ದ.

ಆ ಪುಸ್ತಕದ ಮೊದಲ ಪುಟದಲ್ಲಿ ದೇವನಾಗರಿಯಲ್ಲಿ ಅವನ ಹೆಸರು, ಕೆಳಗೆ ಜಿಲ್ಲೆ ಅಛಾಮ್, ನೇಪಾಳ. ಶಾಲೆಯಲ್ಲಿ ಹಿಂದಿ ಕಲಿಯುತ್ತಿದ್ದ ನಾನು ಅದನ್ನು ಓದಿದ್ದೆ. ಓದಿಯೂ ಮುಂದಿನ 27 ವರ್ಷ ಅವನನ್ನು ಬಹಾದ್ದೂರ್ ಎಂದೇ ಕರೆದೆ. ಬೀದಿಯೆಲ್ಲ ಹಾಗೇ ಕರೆಯುತ್ತಿತ್ತು. ಅವನೂ ಓಗೊಡುತ್ತಿದ್ದ.

ಗೂರ್ಖಾ ಎಂಬುದೂ ನಾವು ಹಚ್ಚಿದ ಹೆಸರೇ. ಗೋರ್ಖಾ ಎನ್ನುವುದು ನೇಪಾಳದ ನಡುಭಾಗದ ಬೆಟ್ಟದ ಊರು. ಪೃಥ್ವಿನಾರಾಯಣ ಶಾಹ ಹದಿನೆಂಟನೆಯ ಶತಮಾನದಲ್ಲಿ ನೇಪಾಳವನ್ನು ಒಂದುಗೂಡಿಸಲು ಹೊರಟದ್ದು ಅಲ್ಲಿಂದ. ಸೈನ್ಯದ ಗೂರ್ಖಾ ದಳಗಳಿಗೆ ಹೆಸರು ತಂದವರು ಬಹುಪಾಲು ಮಗರ್, ಗುರುಂಗ್, ರಾಯಿ, ಲಿಂಬು ಜನ. ನಮ್ಮ ಬೀದಿಗಳನ್ನು ಕಾದವರಲ್ಲಿ ತುಂಬ ಮಂದಿ ದೂರದ ಪಶ್ಚಿಮ ನೇಪಾಳದ ಅಛಾಮ್, ಬಾಜುರಾ, ಡೋಟಿ ಕಡೆಯ ರೈತರು. ಮಳೆ ನಂಬಿದ ತುಂಡು ಹೊಲ ವರ್ಷವಿಡೀ ಹೊಟ್ಟೆಗಾಗದೆ ಬಂದವರು. 1950ರ ಜುಲೈ 31ರ ಭಾರತ–ನೇಪಾಳ ಒಪ್ಪಂದದ ದೆಸೆಯಿಂದ ಪಾಸ್‌ಪೋರ್ಟಿನ ಗೊಡವೆಯಿಲ್ಲ. ಬನ್‌ಬಸಾದಲ್ಲಿ ಗಡಿ ದಾಟಿ, ದೆಹಲಿಗೆ ಬಸ್ಸು ಹಿಡಿದು, ಅಲ್ಲಿಂದ ರೈಲು. ಯುದ್ಧ ಕಂಡಿರದ ರೈತನ ಸೊಂಟಕ್ಕೆ ನಾವು ರೆಜಿಮೆಂಟಿನ ಕೀರ್ತಿ ಕಟ್ಟಿದೆವು, ಅವನು ಆ ಕೀರ್ತಿಯನ್ನೇ ಬಂಡವಾಳ ಮಾಡಿಕೊಂಡು ಕಳ್ಳರನ್ನು ದೂರ ಇಟ್ಟ. ಮೋಸವೆಂದರೆ ಮೋಸ, ಆದರೆ ಇಷ್ಟು ಅಗ್ಗದ, ಇಷ್ಟು ಉಪಯೋಗದ ಮೋಸವನ್ನು ನಾನು ಬೇರೆ ಕಂಡಿಲ್ಲ.

ಬೀದಿಯೆಂದರೆ ಅವನಿಗೆ ಒಂದು ಆಸ್ತಿ. ಬಿತ್ತನೆಗೋ ಮದುವೆಗೋ ಊರಿಗೆ ಹೋಗುವಾಗ ತಮ್ಮನನ್ನೋ ಅಣ್ಣನ ಮಗನನ್ನೋ ತನ್ನ ಜಾಗಕ್ಕೆ ನಿಲ್ಲಿಸಿ ಹೋಗುತ್ತಿದ್ದ. ಕಾವಲಿನ ಬೀದಿಗಳನ್ನು ದುಡ್ಡಿಗೇ ಕೈ ಬದಲಾಯಿಸಿಕೊಳ್ಳುವ ರೂಢಿಯೂ ದೆಹಲಿಯಂಥ ಊರುಗಳ ನೇಪಾಳಿ ಕಾವಲುಗಾರರಲ್ಲಿ ಉಂಟು. ನಮ್ಮ ಮನೆ, ಅಂಗಡಿ, ನಮ್ಮ ನಿದ್ದೆ ಎಲ್ಲ ಸೇರಿ ಅಛಾಮಿನ ಯಾವುದೋ ಎರಡು ಕುಟುಂಬಗಳ ನಡುವೆ ಹೀಗೆ ವ್ಯಾಪಾರವಾಗಿದ್ದಿರಬಹುದು. ನಮಗೆ ಗೊತ್ತಾಗುತ್ತಿದ್ದುದು ಶಿಳ್ಳೆಯ ರಾಗದಲ್ಲಿ. ತಮ್ಮನದು ಗಿಡ್ಡ ಶಿಳ್ಳೆ, ಅವಸರದ್ದು. ಅಮ್ಮ ಹಾಸಿಗೆಯಲ್ಲೇ ಹೇಳುತ್ತಿದ್ದಳು: "ಬಹಾದ್ದೂರ ಊರಿಗೆ ಹೋಗವ್ನೆ."

ಒಂದು ರಾತ್ರಿ ಒಂದೂವರೆಗೆ ಮನೆ ಬಾಗಿಲು ಬಡಿದ. ಅಪ್ಪ ದೀಪ ಹಾಕಿ ಬಂದರೆ ಅಂಗೈಯಲ್ಲಿ ಬೀಗದ ಕೈ ಹಿಡಿದು ನಿಂತಿದ್ದ. ಅಂದು ಯುಗಾದಿ ಹಿಂದಿನ ದಿನದ ವ್ಯಾಪಾರ, ಗಲ್ಲಾದಲ್ಲಿ ತುಂಬ ದುಡ್ಡಿತ್ತು. ಅಪ್ಪ ನಾಲ್ಕು ಸಲ ಬೀಗ ಜಗ್ಗಿದ್ದರು, ಕೀಲಿ ಮಾತ್ರ ಬೀಗದಲ್ಲೇ ನೇತಾಡುತ್ತಿತ್ತು. "ಸಾವ್ಕಾರ್ರೆ, ಚಾವಿ," ಎಂದು ಕೈಗಿಟ್ಟು, ಅಪ್ಪ ಬಾಯಿ ತೆರೆಯುವಷ್ಟರಲ್ಲಿ ಶಿಳ್ಳೆ ಹಾಕಿಕೊಂಡು ಹೊರಟುಹೋದ. ಅವನಿಗೆ ಇನ್ನೂ ಅರ್ಧ ಸುತ್ತು ಬಾಕಿಯಿತ್ತು.

ಇನ್ನೊಂದು ಕಥೆ ಅಪ್ಪನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಗಣಪತಿ ಹಬ್ಬದ ಆರ್ಕೆಸ್ಟ್ರಾ ಮುಗಿಸಿ ಬರುವಾಗ ನಾವು ಮೂರು ಹುಡುಗರು ಪಂದ್ಯ ಕಟ್ಟಿ ಬೀದಿ ದೀಪಗಳಿಗೆ ಕಲ್ಲು ಬೀರಿದೆವು. ಎರಡು ಟ್ಯೂಬ್‌ಲೈಟ್ ಪುಡಿಯಾದವು, ಮೂರನೆಯ ಕಲ್ಲು ಔಷಧಿ ಅಂಗಡಿಯ ಬೋರ್ಡಿನ ಗಾಜಿಗೆ ಬಿತ್ತು. ಕತ್ತಲಿನಿಂದ ಅವನು ಬಂದ. ಬೈಯಲಿಲ್ಲ, ಹೊಡೆಯಲಿಲ್ಲ. ಲಾಠಿಯ ತುದಿಯಿಂದ ಗಾಜಿನ ಚೂರುಗಳನ್ನು ತೋರಿಸಿದ. ನಾವು ಕೂತು ಒಂದೊಂದೇ ಆರಿಸಿ ಚರಂಡಿಯ ಪಕ್ಕ ಗುಡ್ಡೆ ಮಾಡುವವರೆಗೂ ಟಾರ್ಚು ಹಿಡಿದು ನಿಂತಿದ್ದ. ಮುಂದಿನ ತಿಂಗಳು ಅವನು ಪುಸ್ತಕ ಹಿಡಿದು ಬಂದಾಗ ನಾನು ಗೋದಾಮಿನಲ್ಲಿ ಅವಿತುಕೊಂಡೆ. ಅವನು ಎರಡು ರೂಪಾಯಿ ತೆಗೆದುಕೊಂಡು ಹೋದ, ಅಷ್ಟೇ. ಯಾವ ಹುಡುಗ ಯಾರ ಮನೆಯವನು ಎಂದು ತಿಳಿದ ಕಾವಲುಗಾರ ಮಾಡಬಹುದಾದ ಕೆಲಸ ಅದು.

ಕಳ್ಳತನಕ್ಕೂ ಕನ್ನಡದಲ್ಲಿ ಒಂದು ಹಳೆಯ ಗೌರವವಿದೆ ನೋಡಿ. ಪೊಲೀಸ್ ಕಡತಗಳಲ್ಲಿ ಇವತ್ತಿಗೂ ಇದರ ಹೆಸರು 'ರಾತ್ರಿ ಕನ್ನ ಕಳವು'. ಕನ್ನವೆಂದರೆ ಗೋಡೆಗೆ ಕೊರೆಯುವ ತೂತು. ಮಣ್ಣಿನ ಗೋಡೆಯ ಕಾಲದ ಕಸುಬು. ಶೂದ್ರಕನ 'ಮೃಚ್ಛಕಟಿಕ'ದ ಶರ್ವಿಲಕ ಕನ್ನದ ಆಕಾರ ಕಮಲವೋ ಸ್ವಸ್ತಿಕವೋ ಪೂರ್ಣಕುಂಭವೋ ಎಂದು ಗೋಡೆಯ ಮುಂದೆ ನಿಂತು ಯೋಚಿಸುತ್ತಾನೆ. ಅದನ್ನೇ ಆಧರಿಸಿ ಗಿರೀಶ ಕಾರ್ನಾಡರು 1984ರಲ್ಲಿ 'ಉತ್ಸವ್' ತೆಗೆದಾಗ ಕಳ್ಳನಾಗಿದ್ದವರು ನಮ್ಮ ಶಂಕರ್‌ನಾಗ್. ಈಗ ಗೋಡೆ ಸಿಮೆಂಟಿನದು, ಕನ್ನ ಕೊರೆಯುವ ವ್ಯವಧಾನ ಯಾರಿಗೂ ಇಲ್ಲ. ಐಪಿಸಿಯ 457, 380 ಹೋಗಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 331, 305 ಬಂದಿವೆ. ಕನ್ನ ಎಂಬ ಮಾತು ಮಾತ್ರ ಠಾಣೆ ಬಿಟ್ಟು ಕದಲಿಲ್ಲ.

ಹಳೆಯದೆಲ್ಲ ಚಿನ್ನ ಎಂದು ಸಾಧಿಸಲು ನಾನು ಹೊರಟಿಲ್ಲ. ಬೀದಿಯಲ್ಲಿ ಏನೇ ಕಳುವಾದರೂ ಮೊದಲು ಠಾಣೆಗೆ ಹೋಗಿ ಕೂರಬೇಕಾಗಿದ್ದವನು ಅವನೇ. ಒಮ್ಮೆ ಮಂಡಿಯಲ್ಲಿ ಕೊಬ್ಬರಿ ಚೀಲ ಹೋದಾಗ ಎರಡು ಹಗಲು ಕೂರಿಸಿಕೊಂಡಿದ್ದರು. ಮೂರನೆಯ ರಾತ್ರಿ ಮತ್ತೆ ಶಿಳ್ಳೆ ಕೇಳಿಸಿತು, ಸ್ವಲ್ಪ ಕ್ಷೀಣವಾಗಿ. ಅದಕ್ಕೂ ಹಿಂದಿನ ಕಾಲದ ನೆಮ್ಮದಿಗೆ ಇನ್ನೂ ಕೆಟ್ಟ ಬೆಲೆ ತೆತ್ತವರಿದ್ದರು. 1871ರಲ್ಲಿ ಶುರುವಾಗಿ ಆಮೇಲೆ ನಮ್ಮ ಕಡೆಗೂ ಹಬ್ಬಿದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಹುಟ್ಟಿನಿಂದಲೇ ಕಳ್ಳರೆಂದು ಬರೆದಿಟ್ಟ ಸಮುದಾಯಗಳನ್ನು ಹುಬ್ಬಳ್ಳಿ, ಗದಗಗಳ ಸೆಟ್ಲ್‌ಮೆಂಟುಗಳಲ್ಲಿ ಹಾಜರಿ ಹಾಕಿಸಿ ಇಟ್ಟಿತ್ತು. 1952ರಲ್ಲಿ ಕಾಯ್ದೆ ಹೋದರೂ ಊರವರ ಕಣ್ಣಿನ ಹಾಜರಿ ಬಹಳ ಕಾಲ ಹೋಗಲಿಲ್ಲ. ನಮ್ಮ ಅಜ್ಜನ ಬಾಯಲ್ಲೂ ಅಂಥ ಮಾತು ಕೇಳಿದ್ದೇನೆ.

ರಸ್ತೆ ಅಗಲ ಮಾಡುವಾಗ ನಮ್ಮ ಅಂಗಡಿಯ ಮುಂಭಾಗ ನಾಲ್ಕಡಿ ಹೋಯಿತು. ಹಲಗೆಗಳೂ ಹೋದವು. ಹಳೆ ಮರದ ವ್ಯಾಪಾರಿ ಹತ್ತನ್ನು ಒಯ್ದ, 7ನೆಯದನ್ನು ಅಣ್ಣ ಹಿತ್ತಲಿಗೆ ಬೆಂಚು ಮಾಡಿಸಿಕೊಂಡ. ಅಂಗಡಿಗೆ ರೋಲಿಂಗ್ ಶಟರ್ ಬಂತು. ಒಂದೇ ಎಳೆತಕ್ಕೆ ಬಾಗಿಲು ಹಾಕಿದ್ದಾಯಿತು, ಎರಡು ಪಕ್ಕಕ್ಕೆ ಎರಡು ಬೀಗ. ಶಟರಿನ ದೌರ್ಬಲ್ಯ ಅದರ ನಡುವಿನಲ್ಲಿದೆ. ಅಲ್ಲಿ ಕಬ್ಬಿಣದ ಸಲಾಕೆ ತೂರಿಸಿ ಮೀಟಿದರೆ ತಗಡು ಬಿಲ್ಲಿನಂತೆ ಬಾಗುತ್ತದೆ, ಒಬ್ಬ ತೂರುವಷ್ಟು ಜಾಗವಾಗುತ್ತದೆ, ಬೀಗಗಳೆರಡೂ ಭದ್ರವಾಗಿಯೇ ಇರುತ್ತವೆ. ಅದು ಗೊತ್ತಾದ ಮೇಲೆ ಜನ ಸೆಂಟರ್ ಲಾಕ್ ಹಾಕಿಸತೊಡಗಿದರು. ಹಲಗೆಗಳ ಸಂದಿಯಿರಲಿಲ್ಲವಾಗಿ ಜೀರೋ ಬಲ್ಬಿನ ಗೆರೆ ಹೊರಗೆ ಬೀಳಲಿಲ್ಲ. ಒಳಗೆ ದೀಪವಿದ್ದರೂ ಒಂದೇ, ಕಳ್ಳನಿದ್ದರೂ ಒಂದೇ, ಬೀದಿಗೆ ಕಾಣದು. ಗೀಟು ಎಳೆಯಲು ಗೂರ್ಖಾನಿಗೆ ಮರವೂ ಇಲ್ಲದಾಯಿತು. ಸೀಮೆಸುಣ್ಣ ತಗಡಿನ ಮೇಲೆ ಜಾರುತ್ತಿತ್ತು.

ಅಷ್ಟರಲ್ಲಿ ಬೀದಿಯೇ ಬದಲಾಗಿತ್ತು. ಹೊಸ ಬಾಡಿಗೆದಾರರು, "ನಾವೇನು ನಿನ್ನ ಇಟ್ಟುಕೊಂಡಿಲ್ಲವಲ್ಲ" ಎನ್ನುವವರು. ಮೊದಲು ಮನೆಮನೆಯೂ ಕೊಡುತ್ತಿದ್ದಲ್ಲಿ ಆಮೇಲೆ ನಾಲ್ಕಕ್ಕೆ ಒಂದು ಮನೆ. ಕೊಡದವರ ಮನೆಯ ಮುಂದೆಯೂ ಅವನು ಶಿಳ್ಳೆ ಹಾಕಲೇಬೇಕು, ಶಿಳ್ಳೆಯನ್ನು ಬಾಗಿಲು ಬಾಗಿಲಿಗೆ ಕತ್ತರಿಸಿ ಕೊಡಲಾಗುವುದಿಲ್ಲ. ಪಕ್ಕದವನು ಕೊಟ್ಟ ಇಪ್ಪತ್ತು ರೂಪಾಯಿಯಲ್ಲಿ ನಾನೂ ನಿದ್ದೆ ಮಾಡಬಹುದು ಎಂಬುದನ್ನು ಕಂಡುಹಿಡಿದ ಬೀದಿ ಎಷ್ಟು ದಿನ ಒಬ್ಬ ಕಾವಲುಗಾರನನ್ನು ಉಳಿಸಿಕೊಂಡೀತು? ಅವನನ್ನು ಓಡಿಸಿದ್ದು ಕ್ಯಾಮರಾ ಎಂದು ಹೇಳುವವರಿದ್ದಾರೆ. ಸುಳ್ಳು. ಕ್ಯಾಮರಾ ಬಂದಾಗ ಅವನು ಆಗಲೇ ಇರಲಿಲ್ಲ.

2013ರಲ್ಲಿ ಅಪ್ಪನ ಮೊಣಕಾಲಿನ ಆಪರೇಷನ್ ಆಗಿ ಮೂರು ತಿಂಗಳು ಗಲ್ಲಾದ ಮೇಲೆ ಅಣ್ಣ ಕೂತ, ಬೆಂಗಳೂರಿನಿಂದ ವಾರದ ಕೊನೆಗೆ ಬಂದಾಗ ನಾನು ಕೂತೆ. ಜುಲೈನಲ್ಲಿ ಅವನು ಬಂದಾಗ ನಾನು ಚಿಲ್ಲರೆ ಇಲ್ಲ ಎಂದೆ. ಆಗಸ್ಟಿನಲ್ಲಿ ಅಣ್ಣ, "ಪೊಲೀಸ್ ಬೀಟ್ ಐತಲ್ಲ ಮಾರಾಯ, ಮುಂದಿನ ತಿಂಗಳು ನೋಡಣ" ಎಂದ. ಸೆಪ್ಟೆಂಬರಿನಲ್ಲಿ ಅವನು ಮೆಟ್ಟಿಲ ಕೆಳಗೆ ನಿಂತದ್ದು ನನಗೆ ಕಂಡಿತ್ತು. ನಾನು ಮೊಬೈಲ್ ನೋಡುತ್ತಿದ್ದೆ, ನೋಡುತ್ತಲೇ ಇದ್ದೆ. ತಲೆ ಎತ್ತಿದಾಗ ಹೋಗಿದ್ದ. ಅಕ್ಟೋಬರಿನಲ್ಲಿ ಅವರ ದಸರೆಗೆ, ದಶೈಂ ಎನ್ನುತ್ತಾರಲ್ಲ, ಊರಿಗೆ ಹೋದ. ಗಿಡ್ಡ ಶಿಳ್ಳೆಯ ತಮ್ಮನೂ ಬರಲಿಲ್ಲ. ಅವನು ಬರುತ್ತಿಲ್ಲ ಎಂದು ಬೀದಿಗೆ ಗೊತ್ತಾಗುವುದಕ್ಕೆ ಎಷ್ಟೋ ದಿನ ಹಿಡಿಯಿತು. ನಿಂತುಹೋದ ಸದ್ದು ಕೂಡಲೇ ಕೇಳಿಸುವುದಿಲ್ಲ.

2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಭೂಮಿ ನಡುಗಿದಾಗ ಟೀವಿಯಲ್ಲಿ ಕೇಂದ್ರಬಿಂದು ಗೋರ್ಖಾ ಜಿಲ್ಲೆ ಎಂದು ಬಂತು. ಕೋಲೂರಿಕೊಂಡೇ ಅಪ್ಪ ಎದ್ದು ನಿಂತರು. "ನಮ್ಮ ಬಹಾದ್ದೂರನ ಊರಲ್ವೇನೋ?" ಅವನದು ಅಛಾಮ್, ಅಲ್ಲಿಂದ ಬಹಳ ಪಶ್ಚಿಮಕ್ಕೆ ಎಂದು ನಾನು ಹೇಳಿದೆ. ನಿನಗೆ ಹೇಗೆ ಗೊತ್ತು ಎಂದರು. ಅವನ ಪುಸ್ತಕದಲ್ಲಿ ಓದಿದ್ದೆ ಎಂದೆ. ಹಾಗಾದರೆ ಹೆಸರೇನು ಎಂದು ಅಪ್ಪ ಕೇಳಿದರು. ನನಗೆ ನೆನಪಾಗಲಿಲ್ಲ.

2018ರ ಮಳೆಗಾಲದಲ್ಲಿ ಶಟರ್ ಮೀಟಿ ಅಂಗಡಿಗೆ ನುಗ್ಗಿದರು. ಹೋದದ್ದು ದೊಡ್ಡದೇನಲ್ಲ: ಗಲ್ಲಾದ ಚಿಲ್ಲರೆ, ಸಿಗರೇಟು ಪೆಟ್ಟಿಗೆಗಳು, ಬಾದಾಮಿ ಗೋಡಂಬಿ ಡಬ್ಬ. ಹಾಳು ಮಾಡಿದ್ದು ಹೆಚ್ಚು. ಎಣ್ಣೆ ಡಬ್ಬ ಉರುಳಿಸಿ, ಅಕ್ಕಿಚೀಲ ಸೀಳಿ, ಲಕ್ಷ್ಮೀ ಪಟದ ಗಾಜು ಒಡೆದು ಹೋಗಿದ್ದರು. ಕದಿಯುವುದು ಅರ್ಥವಾಗುತ್ತದೆ, ಅಕ್ಕಿಗೆ ಎಣ್ಣೆ ಸುರಿಯುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಹಿಂದಿನ ವರ್ಷವಷ್ಟೇ ರಾಜ್ಯದಲ್ಲಿ ಸಾರ್ವಜನಿಕ ಸುರಕ್ಷತೆಯ ಕಾಯ್ದೆಯಾಗಿ, ಹೆಚ್ಚು ಜನ ಸೇರುವ ಕಡೆ ಕ್ಯಾಮರಾ ಹಾಕಿಸಿ 30 ದಿನದ ದೃಶ್ಯ ಇಟ್ಟುಕೊಳ್ಳಬೇಕೆಂದು ಬಂದಿತ್ತು. ನಮ್ಮದು ಅಂಥ ದೊಡ್ಡ ಅಂಗಡಿಯಲ್ಲದಿದ್ದರೂ ಎಲ್ಲರಂತೆ ಅಣ್ಣನೂ ಹಾಕಿಸಿದ್ದ. ದೃಶ್ಯ ಸ್ವಚ್ಛವಾಗಿತ್ತು. ಮಂಕಿಕ್ಯಾಪಿನ ಇಬ್ಬರು, ಒಳಗಿದ್ದದ್ದು ಹತ್ತೇ ನಿಮಿಷ. ಒಬ್ಬ ಸ್ಟೂಲು ಹತ್ತಿ ಕ್ಯಾಮರಾವನ್ನು ಒಮ್ಮೆ ದಿಟ್ಟಿಸಿ ಅದರ ಮುಖವನ್ನು ಸೂರಿನ ಕಡೆ ತಿರುಗಿಸುತ್ತಾನೆ. ಉಳಿದದ್ದೆಲ್ಲ ನಮ್ಮ ಸೂರಿನ ಜೇಡರ ಬಲೆ. ಇಂಥ ಸುದ್ದಿಗೆ ಪತ್ರಿಕೆಗಳಲ್ಲಿ ಒಂದೇ ತಲೆಬರಹ: ಕಳ್ಳರ ಕೈಚಳಕ ಸಿಸಿ ಕ್ಯಾಮರಾದಲ್ಲಿ ಸೆರೆ. ಸೆರೆಯಾದದ್ದು ಕೈಚಳಕ. ಕಳ್ಳರಲ್ಲ.

ಕ್ಯಾಮರಾದಿಂದ ಸಿಕ್ಕಿಬಿದ್ದವರೂ ಬಹಳ ಮಂದಿ ಇದ್ದಾರೆ, ಪೊಲೀಸರಿಗೆ ಅದು ದೊಡ್ಡ ಆಸರೆ, ಅಲ್ಲಗಳೆಯುವುದಿಲ್ಲ. 2025ರಲ್ಲಿ ಕೊಬ್ಬರಿ ಧಾರಣೆ ಸರ್ಕಾರದ ಬೆಂಬಲ ಬೆಲೆಯ ಎರಡು ಪಟ್ಟು ದಾಟಿದಾಗ ನಮ್ಮ ಕಡೆ ತೋಟಕ್ಕೂ ಅಟ್ಟಕ್ಕೂ ಕ್ಯಾಮರಾ ಹಾಕಿಸಿದವರಿದ್ದಾರೆ. ಹಾಕಿಸಲಿ. ಆದರೆ ಅದು ನಡೆದದ್ದನ್ನು ಬೆಳಿಗ್ಗೆ ಹೇಳುತ್ತದೆ. ರಾತ್ರಿ ಒಂದೂವರೆಗೆ ಬಂದು ಕೀಲಿ ಕೈಗಿಡುವುದಿಲ್ಲ.

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಗೇಟಿಗೆ ಮೂವರು, ಮೊಬೈಲಿನಲ್ಲಿ ಆ್ಯಪ್, ಲಿಫ್ಟಿನಲ್ಲೂ ಕ್ಯಾಮರಾ. ಅಸ್ಸಾಮಿನ, ಒಡಿಶಾದ ಹುಡುಗರು, 12 ಗಂಟೆಯ ಪಾಳಿ. 2005ರ ಕಾಯ್ದೆಯಂತೆ ಲೈಸೆನ್ಸ್ ಇರುವ ಏಜೆನ್ಸಿಯವರು. ಆರು ತಿಂಗಳಿಗೆ ಮುಖ ಬದಲಾಗುತ್ತದೆ. ಯಾರ ಮಗ ಯಾರೆಂದು ಗೊತ್ತಾಗುವ ಹೊತ್ತಿಗೆ ಅವರಿಗೆ ವರ್ಗವಾಗಿರುತ್ತದೆ. ನಡುರಾತ್ರಿ ಎಚ್ಚರವಾದರೆ ಈಗ ಏನೂ ಕೇಳುವುದಿಲ್ಲ. ಗಂಟೆ ಎಷ್ಟೆಂದು ತಿಳಿಯಲು ಫೋನ್ ನೋಡಬೇಕು.

ಅಪ್ಪ ಪ್ರತಿ ದೀಪಾವಳಿಯ ಪಾಡ್ಯಕ್ಕೆ ಕೆಂಪು ಬಟ್ಟೆಯ ರಟ್ಟಿನ ಹೊಸ ಖಾತೆ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ, ಹಳೆಯದರಲ್ಲಿ ಕೊಡಬೇಕಾದ್ದನ್ನೂ ಬರಬೇಕಾದ್ದನ್ನೂ ಎತ್ತಿ ಬರೆಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಗೋದಾಮಿನ ಗೂಡಿನಲ್ಲಿ ಆ ಪುಸ್ತಕಗಳು ಸಿಕ್ಕವು. 2013ರದರಲ್ಲಿ ಕೊಡಬೇಕಾದವರ ಪಟ್ಟಿಯ ಕೊನೆಗೆ ಒಂದು ಸಾಲಿತ್ತು. ನಾನೂ ಅಣ್ಣನೂ ಹೇಳಿದ್ದಲ್ಲ, ಹಾಸಿಗೆಯಲ್ಲೇ ಮಲಗಿ ಯಾರನ್ನು ಕೇಳಿ ತಿಳಿದುಕೊಂಡಿದ್ದರೋ. 2014ರದರಲ್ಲೂ ಆ ಸಾಲಿದೆ, 2015ರದರಲ್ಲೂ ಇದೆ, 2019ರ ಕೊನೆಯ ಪುಸ್ತಕದವರೆಗೂ ಪ್ರತಿ ವರ್ಷ ಅದೇ ದುಂಡು ಅಕ್ಷರದಲ್ಲಿದೆ. ಅಣ್ಣನ ಈಗಿನ ಕಂಪ್ಯೂಟರ್ ಲೆಕ್ಕದಲ್ಲಿ ಇಲ್ಲ.

ಗೂರ್ಖಾ ಬಾಬ್ತು, ಹಿಂದಿನ ಬಾಕಿ, ರೂ. 60.